ಫಕೀರಮ್ಮ ಪುಕ್ಕಟೆ ಉಂಡ ಮಂಗಳವಾರ

ಹುಲಿಗಿ ಸೀಮೆಯ ಭಾಗ್ಯನಗರದ ಓಣಿಯಲ್ಲಿ ಫಕೀರಮ್ಮ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಆಗಿನ್ನೂ ನಿಜಾಮರ ಕಾಲ. ಗಂಡ ಸತ್ತ ಮೇಲೆ ಆಕೆ ಕ್ರಿಸ್ತನ ಮತಕ್ಕೆ ಸೇರಿದ್ದಳು. ಗದಗಿನಿಂದ ರೈಲಿನಲ್ಲಿ ಬರುತ್ತಿದ್ದ ಉಪದೇಶಿಗಳು ಒಮ್ಮೆ, ಕೈಲಾಗದವರಿಗೆ ದಾನ ಕೊಡಬೇಕು, ಕೈಲಾಗುವವರು ದುಡಿದೇ ಉಣ್ಣಬೇಕು ಎಂದು ಹೇಳಿದರು. ಉಳಿದವರು ಕೇಳಿ ಮನೆಗೆ ಹೋದರು. ಫಕೀರಮ್ಮ ಅದನ್ನೇ ಹಿಡಿದು ಕೂತಳು. ಯಾರಾದರೂ ಮಜ್ಜಿಗೆ ಕೊಟ್ಟರೆ ಮೊದಲು ಅವರ ಕಸಬರಿಗೆ ಎಲ್ಲಿದೆ ಎಂದು ನೋಡುವಳು. ದೀಕ್ಷಾಸ್ನಾನದ ದಿನ ಉಪದೇಶಿಗಳು ಮಾರ್ಥಮ್ಮ ಎಂದು ಹೆಸರಿಡಲು ಹೋದರೆ, “ಹಳೇದು ಇನ್ನೂ ಗಟ್ಟಿ ಐತ್ರಿ. ಹೊಸಾದು ಪುಕ್ಕಟೆ ಹೆಂಗ ತಗೊಳ್ಳಲಿ?” ಎಂದಳಂತೆ.

ಇಂಥವಳ ಕೈಗೆ ಸಿಕ್ಕು ಕಷ್ಟಪಟ್ಟವಳು ನೂಲಿನ ವ್ಯಾಪಾರಿ ಕೊಟ್ರಪ್ಪನ ಹೆಂಡತಿ ಶಂಕ್ರಮ್ಮ. ಗಂಡನಿಗೆ ವಿಷಮಜ್ವರ ಬಂದಾಗ, ಇವರು ಎದ್ದು ಕೂತರೆ ಮಂಗಳವಾರದ ದಿನ ದಿಕ್ಕಿಲ್ಲದ ಹೆಣ್ಣುಮಗಳೊಬ್ಬಳಿಗೆ ಹೋಳಿಗೆ ಊಟ ಹಾಕುತ್ತೇನೆ, ಆಕೆಯಿಂದ ಏನೂ ಮಾಡಿಸಿಕೊಳ್ಳುವುದಿಲ್ಲ ಎಂದು ಹುಲಿಗಿಯ ದೇವಿ ಹುಲಿಗೆಮ್ಮನಿಗೆ ಬೇಡಿಕೊಂಡಿದ್ದಳು. ಕೊಟ್ರಪ್ಪ ಎದ್ದು ಕೂತ. ಆದರೆ ಓಣಿಯಲ್ಲಿ ದಿಕ್ಕಿಲ್ಲದವಳೆಂದರೆ ಫಕೀರಮ್ಮ ಒಬ್ಬಳೇ.

ಒಳಗೆ ಕರೆದು ಕೂಡಿಸುವ ಕಾಲ ಅದಲ್ಲ. ಅಂಗಳದಲ್ಲಿ ಎಲೆ ಹಾಕಿ, ಶಂಕ್ರಮ್ಮ ಹೋಳಿಗೆ ತರಲು ಒಳಗೆ ಹೋದಳು. ಬರುವುದರೊಳಗೆ ಫಕೀರಮ್ಮ ಮೂಲೆಯಲ್ಲಿದ್ದ ಕಟ್ಟಿಗೆಯನ್ನು ಒಡೆದು ಒಟ್ಟಿದ್ದಳು.

“ಹೂಂ, ಈಗ ನೀಡ್ರಿ ಅಕ್ಕಾರ.”

“ಏನ್ ನೀಡ್ಲೇ ನನ್ನವ್ವ? ಇದು ಕೂಲಿ ಆತು. ಹರಕಿ ಎಲ್ಲಿ ಮುಟ್ಟಿತು?”

ಮುಂದಿನ ಮಂಗಳವಾರ ಶಂಕ್ರಮ್ಮ ಕೊಡಲಿ, ಕಸಬರಿಗೆ, ಬೀಸುವ ಕಲ್ಲಿನ ಗೂಟ ಎಲ್ಲವನ್ನೂ ಬಚ್ಚಿಟ್ಟಳು. ಫಕೀರಮ್ಮ ಕೋಳಿ ಕೂಗುವ ಹೊತ್ತಿಗೇ ಬಂದು ತನ್ನ ಕಸಬರಿಗೆಯಿಂದ ಬಾಗಿಲ ಮುಂದೆ ಗುಡಿಸಿ ಹೋಗಿದ್ದಳು. ಆ ಊಟವೂ ಕೂಲಿಯ ಲೆಕ್ಕಕ್ಕೇ ಹೋಯಿತು. ಅಂದು ಸಂಜೆ ಕೊಟ್ರಪ್ಪ ಸೀನಿದ.

“ಧೂಳಿಗೆ ಸೀನೀನಿ,” ಎಂದ ಅವನು.

“ನೀವು ಸುಮ್ಮನ ಮಲಕೋರಿ. ಆಕಿ ಹರಕಿ ಮುಟ್ಟಗೊಡವೊಲ್ಲಳು, ತಾಯಿ ಜ್ವರ ತಿರುಗಿ ಕಳಸಾಕತ್ಯಾಳ.”

ಮೂರನೆಯ ಮಂಗಳವಾರ ಶಂಕ್ರಮ್ಮ ಕಣ್ಣಲ್ಲಿ ನೀರು ತಂದುಕೊಂಡೇ ಫಕೀರಮ್ಮನನ್ನು ಕೇಳಿದಳು, “ನನ್ನ ಗಂಡನ ಸಲುವಾಗಿ ಒಂದು ಹೊತ್ತು ಸುಮ್ಮನ ಉಂಡರ ನಿಮ್ಮ ದೇವರು ಸಿಟ್ಟಾಗ್ತಾನೇನು? ದಿಕ್ಕಿಲ್ಲದಾಕಿ ನೀ.”

“ದಿಕ್ಕಿಲ್ಲ ಅಂತ ಹೆಂಗಂತೀರಿ, ಯೇಸುಸ್ವಾಮಿ ಅದಾನಲ್ರಿ. ಕೈಯೂ ಗಟ್ಟಿ ಅದಾವು. ಎದುರು ಮನಿ ಮದಾರಮಾಮಾಗ ಕಾಲು ಬರಂಗಿಲ್ಲ, ಅವಗ ಕೊಡ್ರಿ. ನಾ ಒಯ್ದು ಮುಟ್ಟಸ್ತೀನಿ.”

“ಹೆಣ್ಮಗಳಿಗೆ ಅಂತ ಬೇಡಿಕೊಂಡೀನಲ್ಲೇ.”

ಅಷ್ಟರಲ್ಲಿ ಹೋಳಿಗೆ ಆರುತ್ತಿತ್ತು. ಸೋತು ಬುಟ್ಟಿ ತುಂಬ ಕೊಟ್ಟಳು. ಕೊಟ್ಟು ಬಾಗಿಲಲ್ಲೇ ನಿಂತಳು.

ಮದಾರಸಾಬ ಟಾಂಗಾ ಹೊಡೆಯುತ್ತಿದ್ದವನು. ಕಾಲು ಹೋದ ಮೇಲೆ ಒಬ್ಬನೇ ಇದ್ದ. ಬುಟ್ಟಿ ನೋಡಿ, “ಕುಂದ್ರು ಫಕೀರಮ್ಮ. ಮನಿಗೆ ಬಂದಾಕಿ ಹಸದು ಹೋದರ ನನಗ ತುತ್ತು ಇಳಿಯೂದಿಲ್ಲ,” ಎಂದ.

“ಏನರ ಕೆಲಸ ಹೇಳು ಮಾಮಾ, ಉಣ್ತೀನಿ.”

ಅವನ ಮನೆಯಲ್ಲಿ ಗುಡಿಸಲು ಕಸವೂ ಇರಲಿಲ್ಲ.

“ಕೆಲಸ ಐತಿ. ಒಬ್ಬನ ಉಂಡೂ ಉಂಡೂ ಬ್ಯಾಸತ್ತೀನಿ. ನಾ ಮಾತಾಡ್ತೀನಿ, ನೀ ಉಣಕೋತ ಕೇಳು. ಬ್ಯಾರೆ ಯಾವುದಕ್ಕೂ ಕೈ ಹಚ್ಚಬ್ಯಾಡ.”

ಹುಲಿಗಿ ದಾರಿಯಲ್ಲಿ ಅವನ ಕುದುರೆ ಹೊಳೆ ಕಂಡು ನಡುದಾರಿಯಲ್ಲಿ ಕೂತುಬಿಟ್ಟ ಕಥೆ ಶುರುವಾಯಿತು. ಎರಡು ಹೋಳಿಗೆ ಮುಗಿದರೂ ಕುದುರೆ ಎದ್ದಿರಲಿಲ್ಲ. ಫಕೀರಮ್ಮ ಹೂಂಗುಡುತ್ತಾ, ಆಕಳಿಸುತ್ತಾ, ಮತ್ತೊಂದು ಹೋಳಿಗೆ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡಳು. ಎದುರು ಬಾಗಿಲಲ್ಲಿ ಶಂಕ್ರಮ್ಮ, ಅಂತೂ ಹರಕೆ ಮುಟ್ಟಿತೆಂದು, ಸೆರಗೊಡ್ಡಿ ಹುಲಿಗಿಯ ಕಡೆ ತಿರುಗಿ ಕೈಮುಗಿದಳು.

ಹೊತ್ತು ಮುಳುಗುವಾಗ ಫಕೀರಮ್ಮ ಹೊರಗೆ ಬಂದಳು.

“ಇದಕಿಂತ ಕಟ್ಟಿಗಿ ಒಡಿಯೂದು ಹಗರ ಇತ್ತರಿ ಅಕ್ಕಾರ. ಇಂಥಾ ಗಟ್ಟಿ ಕೆಲಸ ನಾ ಹುಟ್ಟಿದಾಗಿಂದ—”

ಶಂಕ್ರಮ್ಮ ಓಡಿಬಂದು ಆಕೆಯ ಬಾಯಿಗೆ ಅಂಗೈ ಇಟ್ಟಳು.

“ಸಾವಕಾಶ ಮಾತಾಡೇ. ಕೆಲಸ ಮಾಡಿದಿ ಅಂತ ಹುಲಿಗೆಮ್ಮ ಕೇಳ್ಯಾಳು.”