ಬೂಸಾ ಮೂಟೆಯ ಕೆಳಗಿನ ಕುಂಟೆಬಿಲ್ಲೆ

ಮೊನ್ನೆ ಹೊಸ ಲೋಡು ಬರುತ್ತದೆ ಅಂತ ಹಳೇ ಬೂಸಾ ಮೂಟೆಗಳನ್ನು ಒಂದು ಕಡೆಗೆ ಎಳೆಸುತ್ತಿದ್ದೆ. ಗೋಡೆ ಪಕ್ಕದ ಮೂಟೆ ಸರಿದದ್ದೇ ತಡ, ನೆಲದ ಮೇಲೆ ನೀಲಿ ಬಣ್ಣದ ಸುತ್ತೊಂದು ಕಂಡಿತು. ಪಕ್ಕದ ಮೂಟೆ ಎಳೆದರೆ ಅಲ್ಲೂ ಒಂದು. ಒಟ್ಟು ನಾಲ್ಕು. ಒಳಗೆ ಬರೆದಿದ್ದ ಎ, ಬಿ, ಸಿ, ಡಿ ಅರ್ಧಂಬರ್ಧ ಅಳಿಸಿದ್ದವು. ಮೂಗಿನ ತುಂಬ ಹಿಂಡಿ, ತೌಡಿನ ವಾಸನೆ ಅಡರಿದ್ದರೂ ಒಂದು ಗಳಿಗೆ ಸೀಮೆಸುಣ್ಣದ ವಾಸನೆ ಬಂದ ಹಾಗಾಯಿತು... ದೊಡ್ಡ ಮಿಸ್ಸಿನ ಸೆರಗಿಗೆ ಯಾವಾಗಲೂ ಅಂಟಿಕೊಂಡಿರುತ್ತಿದ್ದ ವಾಸನೆ.

ನಾನು ನಮ್ಮೂರ ಹಾಲಿನ ಡೇರಿಯ ಸೆಕ್ರೆಟ್ರಿ. ಮೂಟೆ ಇಟ್ಟಿರುವುದು ಡೇರಿ ಪಕ್ಕದಲ್ಲೇ ಏಳನೇ ಕ್ಲಾಸಿನವರೆಗೆ ಇದ್ದ ಸರ್ಕಾರಿ ಶಾಲೆಯ ಕೋಣೆಯಲ್ಲಿ. ಶಾಲೆ ಈಗ ಇಲ್ಲ, ಗೋಡೆ ಇದೆ. ಅಲ್ಲಿ ಹೆಡ್ ಮೇಡಂ ಆಗಿದ್ದವರನ್ನು ಮಕ್ಕಳು ದೊಡ್ಡ ಮಿಸ್ಸು ಅನ್ನುತ್ತಿದ್ದವು. ಕೊನೆಗೆ ಊರೇ ಹಾಗೆ ಕರೆಯಿತು. ಮಳವಳ್ಳಿಯವರು. ಬೆಳಗ್ಗೆ ಬಸ್ಸು ಹತ್ತಿ, ಮದ್ದೂರು ರಸ್ತೆಯಲ್ಲಿ ಇಳಿದು, ನಾಲೆ ಏರಿ ಮೇಲೆ ನಡೆದು ಬರುತ್ತಿದ್ದರು. ದಾರಿಯಲ್ಲಿ ಸಿಕ್ಕ ಮಕ್ಕಳನ್ನೆಲ್ಲ ಬಾಚಿಕೊಂಡೇ ಬರುತ್ತಿದ್ದರು. ಬಾಯಿ ಮಾತ್ರ ಬಲು ಜೋರು. "ಮಕ ತೊಳ್ದಿದ್ದೀಯೇನ್ಲಾ?" ಅಂತ ಅವರ ಗಂಟಲು ಕೇಳಿದರೆ ನಾನು ಬೆಳಗಿನ ಹಾಲು ಅಳೆದು ಮುಗಿಸುವ ಹೊತ್ತಾಯಿತು ಅಂತಲೇ ಅರ್ಥ.

ಐದನೇ ಕ್ಲಾಸಿನ ಮಕ್ಕಳಿಗೂ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಅಂತ ಸರ್ಕಾರ ಹೊರಟ ಕಾಲ ಅದು. ಒಂದು ಸಲ ಪರೀಕ್ಷೆ ಇದೆ ಅನ್ನುವುದು, ಒಂದು ಸಲ ಇಲ್ಲ ಅನ್ನುವುದು, ಕೋರ್ಟಿಗೆ ಹೋಗುವುದು, ಟಿವಿಯಲ್ಲಿ ಕೂತು ಕಿರುಚಾಡುವುದು. ನಮ್ಮ ಡೇರಿ ಜಗಲಿಯಲ್ಲೂ ಅದೇ ಮಾತು. ನಾನು ಪರೀಕ್ಷೆ ಕಡೆಯವನು. ನಾವು ಹಾಲನ್ನು ಮೆಷಿನ್ನಿಗೆ ಹಾಕಿಯೇ ತಗೊಳ್ಳುವವರು, ಮಕ್ಕಳಿಗೆ ಯಾಕೆ ಬೇಡ ಅಂದೆ. ದೊಡ್ಡ ಮಿಸ್ಸು ಚೀಲವನ್ನು ಜಗಲಿ ಮೇಲೆ ಇಟ್ಟರು.

"ಹಾಲು ತೆಳ್ಳಗದೆ ಅಂತ ನಿಮ್ ಮೆಸಿನ್ನು ಏಳ್ತದೆ ಸೆಕ್ರೆಟ್ರಿ. ಹಸೂಗೆ ಮೇವು ಆಕೋರ್ಯಾರು ಅಂತ ಏಳ್ತದಾ? ಮೂರು ಕ್ಲಾಸ್ಗೆ ಒಬ್ಳೇ ನಿಂತ್ಕಂಡು ಪಾಠ ಮಾಡ್ತೀನಲ್ಲ, ಅದ್ನೂ ಒಸಿ ತೋರ್ಸಾಕ್ ಏಳಿ ನಿಮ್ ಮೆಸಿನ್ಗೆ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಆದರೆ ಪರೀಕ್ಷೆ ಬಂದೇ ಬಂತು. ಬೇಡ ಅಂದವರೇ ಅದಕ್ಕೆ ಮಕ್ಕಳನ್ನು ತಯಾರು ಮಾಡಬೇಕಾಯಿತು. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಅಂದರೆ ನಮ್ಮ ಮಕ್ಕಳು ನಾಲ್ಕಕ್ಕೂ ಗುರುತು ಹಾಕಿ ಕೂರುತ್ತಿದ್ದವಂತೆ, ಯಾವುದಕ್ಕೂ ಬೇಜಾರಾಗದೆ ಇರಲಿ ಅನ್ನುವ ಹಾಗೆ! ಮಿಸ್ಸು ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಕುಂಟೆಬಿಲ್ಲೆ ಶುರು ಮಾಡಿದರು. ನೆಲದ ಮೇಲೆ ನಾಲ್ಕು ಸುತ್ತು. ಅವರು ಪ್ರಶ್ನೆ ಕೂಗಬೇಕು, ಮಗು ಹೆಂಚಿನ ಚೂರು ಎಸೆದು, ಒಂಟಿಕಾಲಲ್ಲಿ ಕುಂಟಿಕೊಂಡು ಹೋಗಿ ಸರಿಯುತ್ತರದ ಸುತ್ತಿನಲ್ಲಿ ನಿಲ್ಲಬೇಕು. ಕಾಲು ಊರಿದರೆ ಔಟು, ತಪ್ಪು ಸುತ್ತಿಗೆ ಹೋದರೂ ಔಟು. ಸೀಮೆಸುಣ್ಣದ ಗೆರೆ ಕಾಲಿಗೆ ಅಳಿಸಿ ಹೋಗುತ್ತಿತ್ತು. ಡೇರಿಯ ಬೋರ್ಡಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ನಾನೇ ಕೊಟ್ಟೆ.

ಆಮೇಲೆ ಆ ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಹಾಲು ಹಾಕಿ ಮನೆಗೆ ಹೊರಟ ಹೆಂಗಸರೆಲ್ಲ ಕಿಟಕಿಗೆ ಜೋತುಬೀಳುತ್ತಿದ್ದರು. ಕುರಿ ಕಾಯುವವನ ಮಗಳೊಬ್ಬಳಿದ್ದಳು, ಪ್ರಶ್ನೆ ಮುಗಿಯುವ ಮೊದಲೇ ಸುತ್ತಿನೊಳಗೆ ಇರುತ್ತಿದ್ದಳು. ಅವಳು ಕುಂಟುವುದನ್ನು ನೋಡುವಾಗ ದೊಡ್ಡ ಮಿಸ್ಸಿನ ಮುಖ... ಅದನ್ನು ಹೇಗೆ ಹೇಳಲಿ. ನಾನು ಯಾವ ದೇವಸ್ಥಾನದಲ್ಲೂ ಅಂಥ ಮುಖ ನೋಡಿಲ್ಲ.

ಫಲಿತಾಂಶ ಬಂದಾಗ ಸುತ್ತಲಿನ ಊರುಗಳಲ್ಲೆಲ್ಲ ನಮ್ಮ ಶಾಲೆಯೇ ಮುಂದೆ. ಮಕ್ಕಳು ಕಮ್ಮಿ ಅಂತ ಆಗಲೇ ಎದ್ದಿದ್ದ ಶಾಲೆ ಮುಚ್ಚುವ ಮಾತು ಇನ್ನಿಲ್ಲ, ಬೇರೆ ಊರಿನಿಂದಲೂ ಮಕ್ಕಳು ಬರುತ್ತಾರೆ ಅಂತ ಮಿಸ್ಸು ಕುಣಿದಾಡಿದರು. ಖುಷಿಯಾದರೆ ನಮ್ಮ ಮಂಡ್ಯದ ಕಡೆ ಜನ ಮೊದಲು ಮಾಡುವ ಕೆಲಸ ಒಂದೇ, ಫ್ಲೆಕ್ಸ್ ಕಟ್ಟುವುದು. ಶಾಲೆ ಸಮಿತಿ ಅಧ್ಯಕ್ಷರು ಬಸ್‌ಸ್ಟಾಪಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದರು. ಕೈ ಮುಗಿದು ನಿಂತ ಅವರ ಫೋಟೊ ದೊಡ್ಡದು. ಕೆಳಗೆ ಚಿಕ್ಕ ಚಿಕ್ಕದಾಗಿ ಮಕ್ಕಳ ಫೋಟೊ, ಹೆಸರು, ತಂದೆಯ ಹೆಸರು. ಅಧ್ಯಕ್ಷರ ಸ್ವಂತ ಮೊಮ್ಮಗ ಇಂಗ್ಲಿಷ್ ಶಾಲೆಯ ವ್ಯಾನಿನಲ್ಲಿ ಅದೇ ಫ್ಲೆಕ್ಸಿನ ಮುಂದೆ ದಿನಾ ಹೋಗುತ್ತಿದ್ದ, ಆ ಮಾತು ಬೇರೆ.

ಹೊಸ ಖಾಸಗಿ ಶಾಲೆಯೊಂದು ಆಗತಾನೆ ರಸ್ತೆ ಪಕ್ಕ ಎದ್ದಿತ್ತು. ಅದರವರು ಫ್ಲೆಕ್ಸ್ ಓದಿಕೊಂಡು, ಹೆಸರು ಕೇಳಿಕೊಂಡು, ಸೀದಾ ಆ ಮಕ್ಕಳ ಮನೆಗಳಿಗೇ ಬಂದರು. ಇಂಥ ಬುದ್ಧಿವಂತ ಮಕ್ಕಳು ಇಲ್ಲೇ ಇದ್ದರೆ ಕೆಟ್ಟುಹೋಗುತ್ತವೆ ಅಂದರು. ಮೊದಲ ವರ್ಷ ಫೀಸೇ ಬೇಡ, ವ್ಯಾನು ಬಾಗಿಲಿಗೇ ಬರುತ್ತದೆ ಅಂದರು. ಅಕ್ಕ ಹೋದರೆ ತಮ್ಮನನ್ನು ಬಿಡುತ್ತಾರೆಯೇ? ಮುಂದಿನ ವರ್ಷ ಪರೀಕ್ಷೆಗೆ ಕೂರಬೇಕಾದ ಅವನೂ ಹೋದ.

ಕುರಿಯವನ ಹೆಂಡತಿ ಟಿ.ಸಿ. ಕೇಳಲು ಬಂದಾಗ ನಾನು ಅಲ್ಲೇ ಇದ್ದೆ. ಮಡಿಲಲ್ಲಿ ಹಸಿ ಅಲಸಂದೆಕಾಯಿ ತಂದಿದ್ದಳು. ಅದನ್ನು ಮೇಜಿನ ಮೇಲೆ ಸುರಿದು, ಬಗ್ಗಿ ಮಿಸ್ಸಿನ ಕಾಲು ಮುಟ್ಟಲು ಹೋದಳು.

"ನೀವು ಅಷ್ಟ್ ಚೆನ್ನಾಗಿ ಏಳ್ಕೊಟ್ಟಿದ್ಕೇ ಕಣ್ರೀ ಮಿಸ್ಸೇ ಅಲ್ಲಿ ಸೀಟ್ ಸಿಕ್ಕಿದ್ದು. ನಿಮ್ ಒಟ್ಟೆ ತಣ್ಗಿರ್ಲಿ."

ಬೈದಿದ್ದರೆ ನಮ್ಮ ಮಿಸ್ಸು ತಿರುಗಿ ಬೈಯುತ್ತಿದ್ದರು. "ಚೆನ್ನಾಗ್ ಓದ್ಸಮ್ಮ" ಅಂದರು. ಟಿ.ಸಿ. ಬರೆದು ಕೊಟ್ಟರು. ಅವಳು ಹೋದ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಕೂತರು... ಬಿಡಿಸಿದ ಕಾಳನ್ನು ಸಿಪ್ಪೆಯ ಕಡೆಗೇ ಹಾಕುತ್ತಿದ್ದರು. ನನಗೆ ನೋಡಲಾಗಲಿಲ್ಲ, ಎದ್ದು ಬಂದೆ.

ಉಳಿದ ಮಕ್ಕಳಿಗೂ ಕುಂಟೆಬಿಲ್ಲೆ ಆಡಿಸಿದರು. ಓದಲು ತಿಣುಕಾಡುವವು, ಅವ್ವ ಅಪ್ಪನ ಜೊತೆ ಕಬ್ಬು ಕಡಿಯಲು ಹೋಗಿ ವಾರಗಟ್ಟಲೆ ಬರದವು. ಮರುವರ್ಷ ಫಲಿತಾಂಶ ಕೆಳಗೆ ಬಿತ್ತು. ಶಾಲೆ ತನಿಖೆಗೆ ಬಂದ ಅಧಿಕಾರಿ, ಹೋದ ವರ್ಷ ಹಾಗಿದ್ದ ಶಾಲೆ ಈ ವರ್ಷ ಯಾಕೆ ಹೀಗೆ, ನೀವು ಸರಿಯಾಗಿ ಪಾಠ ಮಾಡಲಿಲ್ಲವೇ ಅಂತ ಕೇಳಿದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಿಸ್ಸು ಮಾತ್ರ ಹಾಜರಿ ಪುಸ್ತಕ ತೆಗೆದು ಅವರ ಮುಂದೆ ಇಟ್ಟರಂತೆ.

ಮಕ್ಕಳು ಕಮ್ಮಿ ಅಂತ ಶಾಲೆಯನ್ನು ದೂರದ ದೊಡ್ಡ ಶಾಲೆಗೆ ಸೇರಿಸಿದರು. ಅದೇ ಬೇಸಿಗೆ ಕುರಿಯವನ ಮಗಳಿಗೆ ಎರಡನೇ ವರ್ಷದ ಫೀಸು ಕೇಳಿದರು. ಕಟ್ಟಲಾಗದೆ ಅವಳವ್ವ ವಾಪಸ್ಸು ಬಂದಾಗ ಇಲ್ಲಿ ಬೀಗ ನೇತಾಡುತ್ತಿತ್ತು. ಆ ಹುಡುಗಿ ಸ್ವಲ್ಪ ದಿನ ಬಸ್ಸಿನಲ್ಲಿ ದೂರದ ಶಾಲೆಗೆ ಹೋದಳು. ಆಮೇಲೆ ಕುರಿ ಹಿಂದೆ ಕಂಡಳು... ಈಗ ನಮ್ಮ ಡೇರಿಗೆ ಹಾಲು ತರುತ್ತಾಳೆ. ನಾನು ಅಳೆದು ಚೀಟಿ ಕೊಡುತ್ತೇನೆ, ತಗೊಂಡು ಹೋಗುತ್ತಾಳೆ.

ಮಿಸ್ಸಿಗೆ ಮಳವಳ್ಳಿ ಕಡೆಗೇ ವರ್ಗವಾಯಿತು. ಹೋಗುವ ದಿನ ಬೀಗದ ಕೈ ನನ್ನ ಕೈಗೆ ಕೊಟ್ಟರು.

"ಕೋಣೆ ಕಾಲಿ ಬುಡ್ಬೇಡಿ ಸೆಕ್ರೆಟ್ರಿ, ಆಳು ಬಿದ್ದೋಯ್ತದೆ. ಡೇರಿದು ಏನಾದ್ರೂ ಇಟ್ಕಳಿ. ಮಕ್ಳು ತಿರ್ಗಾ ಬಂದ್ರೆ ಒಂದ್ ದಿನ್ದಲ್ಲಿ ತೆಗ್ದ್ರಾಯ್ತು."

ಅವರು ಹೇಳಿದ್ದಕ್ಕೇ ಮೂಟೆ ಇಟ್ಟೆ. ಅಲ್ಲಿಂದ ಪ್ರತಿ ವರ್ಷ ಶಾಲೆ ಶುರುವಾಗುವ ವಾರ ಅವರ ಫೋನು ಬರುತ್ತಿತ್ತು. ನಿವೃತ್ತಿಯಾದ ಮೇಲೂ ಬರುತ್ತಿತ್ತು. "ಕೋಣೆ ಗುಡ್ಸಿದ್ದೀರಾ? ಈ ವರ್ಸ ಯಾರಾದ್ರೂ ಮಕ್ಳು ಸೇರ್ಸಾಕ್ ಬರಬೌದು." ನಾನು ಮೂಟೆಗಳ ಸುತ್ತ ಗುಡಿಸಿ, ಗುಡಿಸಿದ್ದೀನಿ ಮೇಡಮ್ಮೋರೆ ಅನ್ನುತ್ತಿದ್ದೆ. ಹೋದ ಮಳೆಗಾಲದಲ್ಲಿ ಮಳವಳ್ಳಿ ಬಸ್ಸಿನ ಕಂಡಕ್ಟರು, ನಿಮ್ಮ ದೊಡ್ಡ ಮಿಸ್ಸು ತೀರಿಕೊಂಡರಂತೆ ಅಂದ. ನಮ್ಮೂರಿಂದ ಯಾರೂ ಮಣ್ಣಿಗೆ ಹೋಗಿರಲಿಲ್ಲ. ನಮಗೆ ಗೊತ್ತಾದದ್ದೇ ತಿಥಿಯೆಲ್ಲ ಮುಗಿದ ಮೇಲೆ.

ಮೊನ್ನೆ ಮೂಟೆ ಸರಿಸಿದ್ದು ಶಾಲೆ ಶುರುವಾದ ವಾರದಲ್ಲೇ. ಈ ವರ್ಷ ಫೋನು ಬರಲಿಲ್ಲ. ಆದರೂ ಪೊರಕೆ ತಂದು ಕೋಣೆಯನ್ನು ಮೂಲೆಮೂಲೆಯೂ ಗುಡಿಸಿದೆ. ಒದ್ದೆ ಬಟ್ಟೆಯಲ್ಲಿ ನಾಲ್ಕೂ ಸುತ್ತುಗಳನ್ನು ಒರೆಸಿದೆ. ಎ ಇನ್ನೂ ಚೆನ್ನಾಗಿ ಕಾಣುತ್ತದೆ, ಡಿ ಹೋಗಿಯೇ ಬಿಟ್ಟಿದೆ. ಹೊರಗೆ ಹಳದಿ ವ್ಯಾನು ಹಾರ್ನು ಹೊಡೆದುಕೊಂಡು ಹೋಯಿತು. ಅದರ ಹಿಂದೆಯೇ ಲೋಡಿನ ಗಾಡಿ ಬಂತು.

"ಅಣ್ಣೋ, ಎಲ್ಗ್ ಇಳಿಸ್ಲಿ?" ಅಂತ ಮೂಟೆ ಹೊತ್ತವನು ಬಾಗಿಲಲ್ಲಿ ನಿಂತು ಕೇಳಿದ.

ನೆಲ ಇನ್ನೂ ಆರಿರಲಿಲ್ಲ. ಆರುವವರೆಗೆ ಅವನನ್ನು ನಿಲ್ಲಿಸಿಕೊಂಡೆ. ಆಮೇಲೆ, ಅಲ್ಲೇ ಇಳಿಸು ಅಂದೆ.