ಹೀರಾನ ಎಡಗಿವಿ

ಕಾಚಿಗೂಡದ ಆ ಓಣಿಯಲ್ಲಿ ಗೋದಾಬಾಯಿ ಎಂದರೆ ಇಬ್ಬರು. ಬ್ಲೌಸ್ ಹೊಲಿಯುವ ಗೋದಾಬಾಯಿ ಒಬ್ಬಳು, ಮೊಲದ ಗೋದಾಬಾಯಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಎಂದು ತಿಳಿಯಬೇಕಾದರೆ ಅವಳ ಮಾಳಿಗೆ ಹತ್ತಿ ಮೊಲದ ಗೂಡು ನೋಡಬೇಕು. ಭಾಲ್ಕಿಯಿಂದ ಮದುವೆಯಾಗಿ ಬಂದು ಮೂವತ್ತೊಂದು ವರ್ಷವಾಯಿತು. ಗಂಡ ಶಾಂತಪ್ಪ ಅಬಿಡ್ಸಿನ ಪುಸ್ತಕದಂಗಡಿಯಲ್ಲಿ ಗುಮಾಸ್ತ. ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬಳು ಎರಡು ಬಿಳಿ ಮೊಲಗಳನ್ನು ಇವಳ ಮಡಿಲಿಗೆ ಹಾಕಿದಂದಿನಿಂದ ಈ ಹುಚ್ಚು ಹತ್ತಿದ್ದು. ಆಗಿನಿಂದ ಶಾಂತಪ್ಪನಿಗೆ ಕೊತ್ತಂಬರಿ ಇಲ್ಲದ ಸಾರೇ ಗತಿ.

ಮೊಲದ ಲೋಕದ ನ್ಯಾಯ ವಿಚಿತ್ರ. ಲಾಪ್ ಎಂಬ ಜಾತಿಗೆ ಕಿವಿ ಜೋತುಬಿದ್ದಿರಲೇಬೇಕು. ಅದು ಮೇಲೆದ್ದರೆ ದೋಷ. ಗೋದಾಬಾಯಿಯ ಬಿಳಿ ನ್ಯೂಜಿಲೆಂಡ್ ಜಾತಿಗೆ ಎರಡು ಕಿವಿಯೂ ಸೆಟೆದು ನಿಲ್ಲಬೇಕು. ಒಂದು ವಾಲಿದರೂ ಪ್ರದರ್ಶನದಿಂದ ಹೊರಗೆ, ತಳಿಗೆ ಬಿಡುವುದಂತೂ ಮೊಲ ಸಾಕುವವರ ಸಂಘದಲ್ಲಿ ನಿಷಿದ್ಧ. ಆ ವಾಲು ರಕ್ತದಲ್ಲಿ ಇಳಿದು ಮರಿಗಳಿಗೂ ಬರುತ್ತದೆ ಎಂಬುದು ಸಾಕಿದವರಿಗೆಲ್ಲ ಗೊತ್ತು.

ಹೀರಾನ ಎಡಗಿವಿ ಎರಡನೆಯ ತಿಂಗಳಿಗೇ ವಾಲಿತು. ಆ ಗಂಡುಮರಿಯ ಮೈಕಟ್ಟು ನೋಡಿ ನೋಡಿ ಗೋದಾಬಾಯಿ ಕಣ್ಣು ತಂಪು ಮಾಡಿಕೊಂಡಿದ್ದಳು. ಬಿಸಿಲಿಗೆ ಕಿವಿ ಸಡಿಲಾಗುವುದೂ ಉಂಟು. ಆದರೆ ಅದು ಪುಷ್ಯ ಮಾಸದ ಚಳಿ, ಆ ನೆಪಕ್ಕೂ ಜಾಗವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹಣೆಬರಹವೆಂದು ಕೈಬಿಡುತ್ತಿದ್ದರು. ದರ್ಜಿಯ ಕೈ ಸುಮ್ಮನಿರಬೇಕಲ್ಲ! ಅಂಗಿಯ ಕಾಲರು ಮಲಗಿದರೆ ಒಳಗೆ ಬಕ್ರಮ್ ಇಟ್ಟು ನಿಲ್ಲಿಸುತ್ತಾರೆ. ಗೋದಾಬಾಯಿ ಬಕ್ರಮ್ಮನ್ನು ಕಿವಿಯ ಅಳತೆಗೆ ಕತ್ತರಿಸಿ, ಅಂಚಿಗೆ ಹತ್ತಿ ಸುತ್ತಿ, ಪ್ಲಾಸ್ಟರ್ ಹಚ್ಚಿ ಮೂರು ವಾರ ಕಟ್ಟಿದಳು. ಬಿಚ್ಚಿದಾಗ ಕಿವಿ ನಿಂತಿತು. ಆ ವರ್ಷದ ಪ್ರದರ್ಶನದಲ್ಲಿ ಹೀರಾನಿಗೆ ಬಹುಮಾನದ ಕಪ್ಪೂ ಬಂತು. ಫೋಟೋದಲ್ಲಿ ಅವಳು ನಕ್ಕಿದ್ದಾಳೆ, ಪಾಪ, ನಿಜವಾಗಿಯೂ ಸಂತೋಷದಿಂದಲೇ.

ಆ ಪ್ರದರ್ಶನದಲ್ಲೇ ಪರಿಚಯವಾದವಳು ಕುಮುದಾ. ಮೈಸೂರಿನ ಹುಡುಗಿ, ಉಪ್ಪಲ್‌ನಲ್ಲಿ ಕಂಪ್ಯೂಟರ್ ಕೆಲಸ, ಅಂಗಳವಿರುವ ಬಾಡಿಗೆ ಮನೆ. ಅವಳ ಆರು ಹೆಣ್ಣುಮೊಲಗಳು ಅಪ್ಪಟ ಜಾತಿಯವು. ಈ ಊರಲ್ಲಿ ಕನ್ನಡದಲ್ಲಿ ಮೊಲದ ಮಾತಾಡುವ ಜೀವ ಇನ್ನೊಂದು ಸಿಕ್ಕಿತೆಂದು ಗೋದಾಬಾಯಿ ಹಿಗ್ಗಿ, ಹೀರಾನನ್ನು ತಾನಾಗಿಯೇ ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಅವುಗಳೊಂದಿಗೆ ಕೆಲವು ದಿನ ಬಿಟ್ಟು ವಾಪಸು ತಂದಳು. ಮರಿಗಳಾದವು. ಎರಡು ತಿಂಗಳಾಗುತ್ತಲೇ ಅರ್ಧಕ್ಕರ್ಧ ಮರಿಗಳ ಕಿವಿ ಬಿದ್ದವು. ಎರಡನೆಯ ಸೂಲೂ ಹಾಗೆಯೇ ಆಯಿತು.

ಶನಿವಾರ ಬೆಳಿಗ್ಗೆ ಕುಮುದಾಳ ಫೋನು ಬಂತು.

"ಆಂಟಿ, ನಿರ್ಧಾರ ಮಾಡ್ಬಿಟ್ಟೆ. ಆರೂ ಹೆಣ್ಣುಗಳನ್ನ ಕೊಟ್ಬಿಡ್ತೀನಿ. ದೋಷ ಅವುಗಳ ರಕ್ತದಲ್ಲೇ ಇದೆ. ಹೀರಾ ಕಪ್ ಗೆದ್ದವನು, ಅವನಿಂದಂತೂ ಬಂದಿರಲ್ಲ."

"ಯಾರಿಗೆ ಕೊಡ್ತಿಯವ್ವಾ?"

"ಸಾಕೋರಿಗೇ ಕೊಡೋಣ ಅಂತ ಹದಿನೈದು ದಿನ ಹುಡುಕಿದೆ ಆಂಟಿ. ಬಂದವರೆಲ್ಲ ಎಷ್ಟು ಕೆ.ಜಿ. ತೂಗುತ್ತೆ ಅಂತಾನೇ ಕೇಳಿದ್ರು. ನಾಳೆ ಹತ್ತು ಗಂಟೆಗೆ ಮಾಂಸದ ಅಂಗಡಿಯವನು ಬರ್ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗೋದಾಬಾಯಿಗೆ ಅಷ್ಟೂ ಆಗಲಿಲ್ಲ. "ನಾಷ್ಟಾ ಮಾಡಿದಿ ಏನು?" ಎಂದು ಕೇಳಿ ಫೋನಿಟ್ಟಳು. ತನ್ನ ಮರ್ಯಾದೆ ಒಂದು ಕಡೆ, ಏನೂ ತಪ್ಪು ಮಾಡದ ಆರು ಜೀವ ಇನ್ನೊಂದು ಕಡೆ. ಅತ್ತ ದರಿ, ಇತ್ತ ಪುಲಿ. ಅಂದೇ ಹೇಳಿದ್ದರೆ ಉಗುರಲ್ಲಿ ಹೋಗುತ್ತಿದ್ದದ್ದು, ಈಗ ಕೊಡಲಿ ಬೇಡುತ್ತಿತ್ತು.

ಸಂಜೆ ಶಾಂತಪ್ಪ ಬಂದಾಗ ಎಲ್ಲ ಬಿಚ್ಚಿ ಹೇಳಿ ಅತ್ತಳು.

"ಸಂಘದಾಗ ಮುಖಾ ಹೆಂಗ ತೋರಸ್ಲಿರಿ? ಮೋಸಗಾತಿ ಅಂತಾರ. ಆ ಹುಡುಗಿ ಇನ್ನೊಮ್ಮಿ ನಮ್ಮ ಮನಿ ಮೆಟ್ಟಲಾ ಹತ್ತಾಂಗಿಲ್ಲ."

"ಹತ್ತಾಂಗಿಲ್ಲ, ಖರೆ," ಎಂದ ಶಾಂತಪ್ಪ. "ಆದ್ರ ಸುಮ್ನ ಕುಂತ್ರ ನಿನಗ ಅನ್ನ ಇಳಿತೈತೇನು? ಫೋನ್ ಹಚ್ಚು, ಈಗ ಹೇಳಿಬಿಡು."

"ಫೋನ್‌ನ್ಯಾಗ ಬ್ಯಾಡ್ರಿ. ಮುಂಜಾನೆ ಹೋಗಿ ಎದುರಿಗೇ ಹೇಳ್ತೀನಿ."

ಧೈರ್ಯವಿಲ್ಲದವರು ಯಾವಾಗಲೂ ಹೀಗೆ, ಒಂದು ಬೆಳಗಿನ ಗಡುವು ಕೇಳುತ್ತಾರೆ.

ಭಾನುವಾರ ಎಂಟಕ್ಕೇ ಬಸ್ಸು ಹತ್ತಿದಳು. ಅಂಬರಪೇಟೆ ಬರುವಷ್ಟರಲ್ಲಿ ಧೈರ್ಯ ಸಾಲದೆ ಇಳಿದುಬಿಟ್ಟಳು. ರಸ್ತೆ ದಾಟಿ ವಾಪಸು ಕಾಚಿಗೂಡದ ಬಸ್ಸು ಹತ್ತಿದಳು. ಮನೆಗೆ ಬಂದು ಮಾಳಿಗೆ ಏರಿದರೆ ಹೀರಾ ಎರಡೂ ಕಿವಿ ನೆಟ್ಟಗೆ ನಿಲ್ಲಿಸಿಕೊಂಡು ಮೇವಿಗಾಗಿ ಕಾಯುತ್ತಿತ್ತು. ಆ ಕಿವಿ ಕಂಡದ್ದೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಚಪ್ಪಲಿ ಮೆಟ್ಟಿ ಓಡಿದಳು. ಆಟೊದವನಿಗೆ "ಜಲ್ದಿ ಚಲೋ ಭಯ್ಯಾ, ಜಲ್ದಿ" ಎಂದು ದಾರಿಯುದ್ದಕ್ಕೂ ಗೋಗರೆದಳು. ರಾಮಂತಾಪುರದ ಹತ್ತಿರ ರಸ್ತೆ ಅಗೆದಿದ್ದರು. ಆಟೊದಲ್ಲೇ ಫೋನು ತೆಗೆದಳು, ಮತ್ತೆ ಚೀಲಕ್ಕೆ ತುರುಕಿದಳು. ಎದುರಿಗೇ ಹೇಳುತ್ತೇನೆ ಎಂದುಕೊಂಡಳು. ಉಪ್ಪಲ್ ಮುಟ್ಟಿದಾಗ ಹತ್ತೂ ಮುಕ್ಕಾಲು.

ಅಂಗಳದಲ್ಲಿ ಆರು ಗೂಡಿನ ಬಾಗಿಲೂ ತೆರೆದಿದ್ದವು. ಕುಮುದಾ ನೆಲದ ಮೇಲೆ ಕೂತು ನೀರಿನ ಬಟ್ಟಲು ತೊಳೆಯುತ್ತಿದ್ದಳು. ಕಣ್ಣು ಊದಿತ್ತು. ಇವಳನ್ನು ಕಂಡೊಡನೆ ಎದ್ದು ಬಂದು ಹೆಗಲಿಗೆ ತಲೆಯಿಟ್ಟಳು.

"ಬಂದ್ರಲ್ಲ ಆಂಟಿ. ನಂಗೊತ್ತಿತ್ತು, ನೀವೊಬ್ರಾದ್ರೂ ಬರ್ತೀರ ಅಂತ. ಸರಿಯಾಗಿ ಹತ್ತಕ್ಕೆ ತಗೊಂಡು ಹೋದ." ಮೂಗು ಒರೆಸಿಕೊಂಡು ಮುಂದುವರಿಸಿದಳು. "ನಿಮ್ಮನೇಲಿ ಹೀರಾನಿಗೆ ಹುಟ್ಟೋ ಮರಿಗಳಲ್ಲೇ ಒಂದು ಜೋಡಿ ಕೊಡಿ ನಂಗೆ. ಒಳ್ಳೆ ರಕ್ತದಿಂದ ಹೊಸದಾಗಿ ಶುರು ಮಾಡ್ತೀನಿ."

ಹ್ಞೂಂ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕೇಳುವವರೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ.

"ಕೊಡಾಂಗಿಲ್ಲವ್ವಾ," ಎಂದಳು ಗೋದಾಬಾಯಿ. "ನಿನ್ನ ಹೆಣ್ಣುಗೋಳದ್ದು ಏನೂ ತಪ್ಪಿರಲಿಲ್ಲ. ಸಣ್ಣಾಂವ ಇದ್ದಾಗ ಹೀರಾನ ಎಡಗಿವಿ ಬಿದ್ದಿತ್ತು. ನಾ ಬಕ್ರಮ್ ಕಟ್ಟಿ ನಿಲ್ಲಿಸಿದ್ದೆ."

ಕುಮುದಾ ಹಿಂದೆ ಸರಿದಳು. ಫೋನು ತೆಗೆದು ಮಾಂಸದ ಅಂಗಡಿಗೆ ಹಚ್ಚಿದಳು. ಒಂದನ್ನಾದರೂ ಇಟ್ಟುಕೊಳ್ಳಿ, ದುಪ್ಪಟ್ಟು ಕೊಡುತ್ತೇನೆ ಎಂದು ತೆಲುಗು ಹಿಂದಿ ಕಲಸಿ ಕೂಗಿದಳು. ಅತ್ತಲಿನ ದನಿ ಗೋದಾಬಾಯಿಗೂ ಕೇಳಿಸಿತು. ಭಾನುವಾರದ ಗಿರಾಕಿ ಮೇಡಂ, ಬಂದ ಕೂಡಲೇ ಆರೂ ಮುಗಿಸಿಬಿಟ್ಟೆವು ಎನ್ನುತ್ತಿದ್ದ ಅವನು.

ಕುಮುದಾ ಫೋನು ಕೆಳಗಿಳಿಸಿದಳು.

"ನಿನ್ನೆ ನಾನು ಫೋನ್ ಮಾಡಿದಾಗ ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಗೋದಾಬಾಯಿ.