ಟೀಚರ್ ತಂದ ಗಡ್ಡದ ದೊರೆ

ನಿನ್ನೆಯಿಂದ ಮೂಗು ಕಟ್ಟಿತ್ತು. ಅಡುಗೆ ಮುಗಿಸಿ, ಬಿಸಿನೀರಿಗೆ ನೀಲಗಿರಿ ಎಣ್ಣೆ ಬಿಟ್ಟು ಮುಖ ಬಗ್ಗಿಸಿದ್ದೇ, ಟೀಚರ್ ಎದುರು ಬಂದು ಕೂತ ಹಾಗಾಯಿತು. ಅವರ ಕರವಸ್ತ್ರಕ್ಕೆ ಯಾವಾಗಲೂ ಇದೇ ವಾಸನೆ. ದಮ್ಮಿನ ಕಾಯಿಲೆ, ಪಾಪ...

ಸಣ್ಣದರಲ್ಲೇ ಶಾಲೆ ಬಿಟ್ಟ ನಾನು, ಮಕ್ಕಳು ದೊಡ್ಡವರಾದ ಮೇಲೆ ಕುಂಜತ್ತೂರಿನಲ್ಲಿ ನನ್ನಂಥವರಿಗೆಂದು ಭಾನುವಾರ ನಡೆಸುವ ಹತ್ತನೇ ತುಲ್ಯತಾ ತರಗತಿಗೆ ಸೇರಿದ್ದೆ. ಹತ್ತು ಪಾಸಾಗಬೇಕು ಎನ್ನುವುದೊಂದೇ ನಾನು ನನಗಾಗಿ ಬೇಡಿಕೊಂಡದ್ದು; ಉಳಿದ ದುಆ ಎಲ್ಲ ಮನೆಯವರಿಗೆ. ವಿಜ್ಞಾನಕ್ಕೆ ಈ ಟೀಚರ್. ವಿದ್ಯಾನಗರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ದಮ್ಮು ಇಳಿಯುವವರೆಗೆ ಕರವಸ್ತ್ರ ಮೂಗಿಗೆ ಹಿಡಿದು ಕೂರುತ್ತಿದ್ದರು.

ಮನುಷ್ಯನ ಉಗಮದ ಪಾಠ ಬಂತು. ಮಂಗ, ಮನುಷ್ಯ ಒಂದೇ ಬುಡದವರಂತೆ. ನಾವು ಆದಂ ನೆಬಿಯ ಮಕ್ಕಳು ಎಂದು ನಂಬಿದ ನಾನು ಇದನ್ನು ಹೇಗೆ ಬರೆಯುವುದು? ಪಕ್ಕದವಳು, "ಅಕ್ಕಾ, ಬಾಲ ಮಡಚಿ ಕೂತುಕೊಳ್ಳಿ" ಎಂದು ನಗಾಡಿದಳು. ನನಗೆ ನಗು ಬರಲಿಲ್ಲ. ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದೆ. ಮತ್ತೆ ತರಗತಿಗೆ ಹೋಗಲಿಲ್ಲ.

ಟೀಚರೇ ಮನೆಗೆ ಬಂದರು. ಏದುಸಿರು. ಶುಂಠಿ ಚಾ ಕೊಟ್ಟೆ. ಅವರು ವಾದ ಮಾಡಲಿಲ್ಲ; ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಗಡ್ಡದ ದೊರೆಯ, ಎಂದರೆ ಬಿಳಿಯ ಸಾಹೇಬನ, ಕತೆ ಹೇಳಿದರು. ಚಿಟ್ಟೆ, ಹಕ್ಕಿ ಹುಡುಕಿಕೊಂಡು ದ್ವೀಪಗಳಲ್ಲಿ ಅಲೆಯುತ್ತಿದ್ದವನಂತೆ. ಜ್ವರದಲ್ಲಿ ಮಲಗಿದ್ದಾಗ, ಜೀವಿಗಳು ಹೇಗೆ ಬದಲಾಗುತ್ತವೆ ಎಂಬುದು ಹೊಳೆಯಿತಂತೆ. ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ದೊಡ್ಡ ವಿಜ್ಞಾನಿಯೂ ಅದನ್ನೇ ಯೋಚಿಸಿದ್ದ, ಇಬ್ಬರೂ ಸ್ನೇಹಿತರಾದರು. ಮನುಷ್ಯನ ಮಾತು ಬಂದಾಗ ಮಾತ್ರ ಈ ದೊರೆ ನಿಂತುಬಿಟ್ಟ. ಶರೀರ ಹಾಗೆ ಬಂದಿರಬಹುದು, ಬುದ್ಧಿ ಮನಸ್ಸು ಮೇಲಿನ ಯಾವುದೋ ಶಕ್ತಿಯಿಂದ ಎಂದ. ಸ್ನೇಹಿತನಿಗೆ ಬೇಸರವಾಯಿತು. ಆದರೂ ಸ್ನೇಹ ಮುರಿಯಲಿಲ್ಲ. ಆ ಸ್ನೇಹಿತ ತೀರಿಕೊಂಡಾಗ ಶವದ ಜತೆಗೆ ನಡೆದವರಲ್ಲಿ ಇವನೂ ಇದ್ದನಂತೆ.

"ಅಂಥವರಲ್ಲೇ ಒಮ್ಮತ ಇರಲಿಲ್ಲ, ನೀವು ಎಂತಕ್ಕೆ ಪುಸ್ತಕ ಕಟ್ಟುವುದು? 'ವಿಜ್ಞಾನಿಗಳು ಹೀಗೆ ಹೇಳುತ್ತಾರೆ' ಎಂದು ಅವರ ತಲೆಗೇ ಕಟ್ಟಿ ಬರೆಯಿರಿ. ನಿಮ್ಮ ನಂಬಿಕೆ, ನಿಮ್ಮ ಈಮಾನ್, ನಿಮ್ಮಲ್ಲೇ ಉಂಟಲ್ಲ."

"ನೀವು ಯಾರ ಪಕ್ಷ, ಟೀಚರ್?"

"ನನ್ನದು ಉಸಿರಿನ ಪಕ್ಷ ಮಾರಾಯ್ತಿ. ಬಸ್‌ಸ್ಟಾಪು ತಲುಪಿದರೆ ಸಾಕು."

ಹಾಗೇ ಬರೆದೆ. ಪಾಸಾದೆ, ಅಲ್‌ಹಮ್ದುಲಿಲ್ಲಾ.

ಟೀಚರ್ ಯಾವ ದೇವರಿಗೂ ಕೈಮುಗಿದದ್ದು ನಾನು ಕಂಡಿಲ್ಲ. ಮುಂದೆ ಒಂದು ಮಳೆಗಾಲದಲ್ಲಿ ಆ ಉಸಿರೇ ಅವರನ್ನು ಬಿಟ್ಟಿತು... ಅವರನ್ನು ಮನೆಯಿಂದ ಹೊರಡಿಸುವಾಗ, ಹೆಂಗಸು ಶವದ ಹಿಂದೆ ಹೋಗುವುದುಂಟಾ ಎಂದು ಯಾರು ಬೇಕಾದರೂ ಹೇಳಲಿ ಅಂದುಕೊಂಡು, ಗೇಟಿನವರೆಗೆ ನಾನೂ ಜತೆಗೆ ನಡೆದೆ.

ನೀರು ತಣಿದಿದೆ. ಮೂಗಿನ ಒಂದು ಹೊಳ್ಳೆ ಬಿಟ್ಟಿದೆ. ಸೃಷ್ಟಿಸಿದವನು ಇವತ್ತಿಗೆ ಇಷ್ಟು ಉಸಿರು ಕೊಟ್ಟ. ಈ ಮಾತು ಕೇಳಿದ್ದರೆ ಟೀಚರ್ ನಗುತ್ತಿದ್ದರು. ಹೇಳುವುದಕ್ಕೆ ಅವರಿಲ್ಲ.